ಗಣಿ ತೆರೆಯುವ ದಿನವೇ ಮುಚ್ಚುವ ಲೆಕ್ಕ



ನಾನು ಚಿಕ್ಕಮಗಳೂರು ಜಿಲ್ಲೆಯ ಜಾವಳಿಯವನು. ಕೊಟ್ಟಿಗೆಹಾರದಿಂದ ಕಳಸದ ದಾರಿ ಹಿಡಿದು ಬಂದರೆ ಕಾಫಿ ತೋಟಗಳ ನಡುವೆ ನಮ್ಮ ಊರು ಸಿಗುತ್ತದೆ. ಹೇಮಾವತಿ ಹುಟ್ಟುವುದು ಇಲ್ಲೇ. ಹೊಳೆ ಎಂದರೆ ದೊಡ್ಡದೇನೋ ಕಾಣುತ್ತದೆ ಎಂದು ಬಂದವರು ಮೊದಲು ನಂಬುವುದಿಲ್ಲ. ದೇವಸ್ಥಾನದ ಮಗ್ಗುಲಲ್ಲಿ ಒಂದು ಪುಟ್ಟ ಕೊಳ. ಬೇಸಿಗೆಯಲ್ಲಿ ಅಲ್ಲಿಂದ ಹೊರಡುವ ನೀರು ಒಂದು ಬೊಗಸೆಯಷ್ಟು. ಅದೇ ನೀರು ಸಕಲೇಶಪುರ ದಾಟಿ, ಗೊರೂರಿನಲ್ಲಿ ಅಣೆಕಟ್ಟು ತುಂಬಿ, ಸುಮಾರು 245 ಕಿಲೋಮೀಟರ್ ಹರಿದು, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ.

ಈ ಹೊಳೆಯ ಮಾತಿನಿಂದ ಶುರು ಮಾಡಲು ಕಾರಣವಿದೆ. ಕೃಷ್ಣರಾಜಸಾಗರದಿಂದ ಅನತಿ ದೂರದಲ್ಲಿ ಶ್ರೀರಂಗಪಟ್ಟಣ ತಾಲ್ಲೂಕು. ಅಲ್ಲಿನ ಮರಳಗಾಲ, ಅಲ್ಲಾಪಟ್ಟಣದ ನೆಲದಲ್ಲಿ ಲಿಥಿಯಂ ಇದೆ ಎಂದು ಕೆಲವು ವರ್ಷಗಳ ಹಿಂದೆ ಪತ್ರಿಕೆಗಳಲ್ಲಿ ಓದಿದ್ದೀರಿ. ವಿದ್ಯುತ್ ಸ್ಕೂಟರು, ವಿದ್ಯುತ್ ಕಾರು ಓಡುವುದಕ್ಕೆ ಬೇಕಾದ ಲೋಹ ಅದು. ನಮ್ಮ ಹೊಳೆಯ ತಲೆ ಇಲ್ಲಿ, ಕಾಲ ಬುಡದಲ್ಲಿ ಈ ಹೊಸ ಖನಿಜ. ಈ ಖನಿಜಕ್ಕಾಗಿ ಸರ್ಕಾರಗಳು ಯೋಜನೆ ಹಾಕುತ್ತಿವೆ. ಆ ಯೋಜನೆಯ ಬಗ್ಗೆ ಗಣಿಯ ನೆರೆಯಲ್ಲಿ ಬೆಳೆದ ಒಬ್ಬ ಕಾಫಿ ಬೆಳೆಗಾರನಾಗಿ ಒಂದು ಮಾತು ಹೇಳಬೇಕಾಗಿದೆ.

ಮೊದಲು, ಲೋಹ ಎಷ್ಟಿದೆ ನೋಡೋಣ. 2020ರಲ್ಲಿ ಮಂಡ್ಯದಲ್ಲಿ 14 ಸಾವಿರ ಟನ್ ಲಿಥಿಯಂ ಎಂದು ಸುದ್ದಿಯಾಯಿತು. ಮರುವರ್ಷ ಕೇಂದ್ರ ಸರ್ಕಾರ ಸಂಸತ್ತಿನಲ್ಲಿ ಹೇಳಿದ ಅಂಕಿ 1,600 ಟನ್. ಅದೂ ಅಂದಾಜು. ಶೋಧ ನಡೆಸಿದ್ದು ಪರಮಾಣು ಖನಿಜಗಳ ನಿರ್ದೇಶನಾಲಯ. ಮಧ್ಯಮ ಗಾತ್ರದ ಒಂದು ಕಾರಿನ ಬ್ಯಾಟರಿಗೆ ಸುಮಾರು 8 ಕಿಲೋ ಲಿಥಿಯಂ ಬೇಕು. ಹಾಗಾದರೆ ಮಂಡ್ಯದ್ದನ್ನು ಒಂದು ಚಿಟಿಕೆಯೂ ಬಿಡದೆ ತೆಗೆದರೂ ಎರಡು ಲಕ್ಷ ಕಾರಿಗೆ ಆಗಬಹುದು. ನಮ್ಮ ದೇಶದಲ್ಲಿ ವರ್ಷಕ್ಕೆ 40 ಲಕ್ಷಕ್ಕೂ ಹೆಚ್ಚು ಕಾರು ಮಾರಾಟವಾಗುತ್ತವೆ. ಅಂದರೆ ಹೆಚ್ಚುಕಡಿಮೆ ಇಪ್ಪತ್ತು ದಿನದ ಮಾರಾಟಕ್ಕೆ ಸಾಲುವ ಲೋಹ.

ಅದು ಇರುವ ಕಲ್ಲು ಹೇಗಿರುತ್ತದೆ? ಬೆಣಚುಕಲ್ಲಿನ ಬಿಳುಪು, ನಡುನಡುವೆ ಕಾಗೆಬಂಗಾರದ ಹೊಳಪು. ಪೆಗ್ಮಟೈಟ್ ಎನ್ನುತ್ತಾರೆ. ಹೊಲದ ಬದುವಿನಲ್ಲಿ ಬಿದ್ದಿದ್ದರೆ ಮಕ್ಕಳು ಆಟಕ್ಕೆ ಆರಿಸಿಕೊಳ್ಳುವಂಥ ಕಲ್ಲು. ಇಂಥ ನೂರು ಟನ್ ಕಲ್ಲು ಒಡೆದರೆ ಒಂದು ಟನ್ನು, ಒಂದೂವರೆ ಟನ್ನು ಲಿಥಿಯಂ ಆಕ್ಸೈಡ್ ಸಿಕ್ಕಿದರೆ ಅದು ಒಳ್ಳೆಯ ಗಣಿ. ಕಲ್ಲನ್ನು ಪುಡಿ ಮಾಡಬೇಕು. ಸಾವಿರ ಡಿಗ್ರಿಯಷ್ಟು ಕಾಯಿಸಬೇಕು. ಆಮ್ಲದಲ್ಲಿ ಬೇಯಿಸಬೇಕು. ಉಳಿದ ತೊಂಬತ್ತೆಂಟು ಟನ್ ಪುಡಿ ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳಿ. ಮತ್ತೆ ಬರುತ್ತೇನೆ.

ಈಗ ಸರ್ಕಾರಗಳ ಯೋಜನೆಗೆ ಬರೋಣ. ವಿದ್ಯುತ್ ವಾಹನಕ್ಕೆಂದೇ ಪ್ರತ್ಯೇಕ ನೀತಿ ಮಾಡಿದ ಮೊದಲ ರಾಜ್ಯ ಕರ್ನಾಟಕ. 2017ರಲ್ಲಿ. ಅದಕ್ಕೂ ಮೊದಲೇ, 2001ರಲ್ಲಿ, ರೇವಾ ಎಂಬ ಪುಟಾಣಿ ವಿದ್ಯುತ್ ಕಾರು ಬೆಂಗಳೂರಿನಲ್ಲಿ ತಯಾರಾಗಿ ರಸ್ತೆಗೆ ಬಂದಿತ್ತು. 2025ರ ಫೆಬ್ರವರಿಯಲ್ಲಿ ಹೊಸ ನೀತಿ ಬಂತು. ಐದು ವರ್ಷದಲ್ಲಿ 50 ಸಾವಿರ ಕೋಟಿ ರೂಪಾಯಿ ಬಂಡವಾಳ, ಒಂದು ಲಕ್ಷ ಉದ್ಯೋಗ ಎಂಬುದು ಅದರ ಗುರಿ. ದೇವನಹಳ್ಳಿ ಬಳಿ ಎಕ್ಸೈಡ್ ಕಂಪನಿಯ ಲಿಥಿಯಂ ಸೆಲ್ ಕಾರ್ಖಾನೆ ತಲೆ ಎತ್ತಿದೆ. ಇದೆಲ್ಲ ಸಂತೋಷದ ವಿಷಯ. ಆದರೆ ಬೆಂಗಳೂರಿನಲ್ಲಿ ನೆಲೆ ನಿಂತ ಏಥರ್, ಓಲಾ ಎರಡೂ ಸ್ಕೂಟರು ಕಟ್ಟುವ ಕಾರ್ಖಾನೆಯನ್ನು ಗಡಿಯಾಚೆ, ತಮಿಳುನಾಡಿನ ಹೊಸೂರು, ಕೃಷ್ಣಗಿರಿ ಕಡೆ ಹಾಕಿದವು. ಬುದ್ಧಿ ನಮ್ಮಲ್ಲಿ, ಕಾರ್ಖಾನೆ ಅಲ್ಲಿ. ರಾಜ್ಯಕ್ಕೆ ಆತುರ ಹುಟ್ಟಿದ್ದು ಸಹಜ.

ಕೇಂದ್ರ ಸರ್ಕಾರಕ್ಕೂ ಆತುರವಿದೆ. 2023ರ ಜೂನ್‌ನಲ್ಲಿ 30 ಖನಿಜಗಳ ಪಟ್ಟಿ ಮಾಡಿ, ಇವು ದೇಶಕ್ಕೆ ನಿರ್ಣಾಯಕ ಎಂದಿತು. ಲಿಥಿಯಂ, ಕೋಬಾಲ್ಟ್, ನಿಕ್ಕಲ್, ಗ್ರಾಫೈಟ್ ಎಲ್ಲ ಅದರಲ್ಲಿವೆ. ಅದೇ ವರ್ಷ ಆಗಸ್ಟ್‌ನಲ್ಲಿ ಕಾನೂನು ತಿದ್ದಿ, ಇಂಥ 24 ಖನಿಜಗಳ ಹರಾಜನ್ನು ತನ್ನ ಕೈಗೆ ತೆಗೆದುಕೊಂಡಿತು. ಬರುವ ಆದಾಯ ರಾಜ್ಯಕ್ಕೆ, ಹರಾಜು ಮಾತ್ರ ದೆಹಲಿಯಲ್ಲಿ. 2025ರ ಜನವರಿಯಲ್ಲಿ 16 ಸಾವಿರ ಕೋಟಿಗೂ ಮೀರಿದ ನಿರ್ಣಾಯಕ ಖನಿಜ ಮಿಷನ್ ಬಂತು. ಅದರ ಬೆನ್ನಿಗೇ, ಏಪ್ರಿಲ್‌ನಲ್ಲಿ, ಚೀನಾ ದೇಶ ಕೆಲವು ವಿರಳ ಭೂಲೋಹ ಮತ್ತು ಅವುಗಳ ಆಯಸ್ಕಾಂತಗಳ ರಫ್ತಿಗೆ ಬಿಗಿ ಪರವಾನಗಿ ಹಾಕಿತು. ನಮ್ಮ ಸ್ಕೂಟರು ಕಾರ್ಖಾನೆಗಳಲ್ಲಿ ಮೋಟರಿಗೆ ಬೇಕಾದ ಆಯಸ್ಕಾಂತಕ್ಕೆ ಪರದಾಟ ಶುರುವಾಯಿತು. ನಮ್ಮ ಖನಿಜ ನಮ್ಮಲ್ಲೇ ಸಿಗಬೇಕು ಎನ್ನುವ ಮಾತಿನಲ್ಲಿ ಹುರುಳಿದೆ. ನಾನು ಅದನ್ನು ಅಲ್ಲಗಳೆಯುವುದಿಲ್ಲ.

ಇದುವರೆಗೆ ಹೇಳಿದ್ದು ಇಷ್ಟು. ಲೋಹ ಬೇಕು. ನಮ್ಮಲ್ಲಿ ಇರುವುದು ಸ್ವಲ್ಪ. ಸರ್ಕಾರಗಳು ಅವಸರದಲ್ಲಿವೆ. ಇನ್ನು ಅವಸರದಲ್ಲಿ ತೆರೆದ ಗಣಿಯೊಂದರ ಕಥೆ. ಅದಕ್ಕೆ ದೂರ ಹೋಗಬೇಕಾಗಿಲ್ಲ. ಜಾವಳಿಯಿಂದ ಕಳಸಕ್ಕೆ ಹೋಗಿ, ಅಲ್ಲಿಂದ ಸಂಸೆಯ ದಾರಿ ಹಿಡಿದರೆ ಸಾಕು. ಕುದುರೆಮುಖ.

ಈಗ ಅಲ್ಲಿಗೆ ಹೋದವರಿಗೆ ಏನು ಕಾಣುತ್ತದೆ ಹೇಳುತ್ತೇನೆ. ಸುತ್ತಲೂ ಹಸಿರು ಹುಲ್ಲಿನ ಬೋಳುಗುಡ್ಡಗಳು. ಕಣಿವೆಗಳಲ್ಲಿ ಶೋಲೆ ಕಾಡು. ನಡುವೆ ಒಂದು ಗುಡ್ಡ ಮಾತ್ರ ಬೇರೆ ತರಹ. ಯಾರೋ ದೈತ್ಯನೊಬ್ಬ ಮೆಟ್ಟಿಲು ಕಡಿದ ಹಾಗೆ. ಮೆಟ್ಟಿಲ ಮೇಲೆ ಮೆಟ್ಟಿಲು. ಕೆಳಗೆ ಊರು. ಸಾಲುಸಾಲು ಮನೆಗಳು, ಹಲವಕ್ಕೆ ಬೀಗ. ಹೆಂಚಿನ ಮೇಲೆ ಪಾಚಿ. ಒಂದು ಕಾಲಕ್ಕೆ ಶಾಲೆ, ಆಸ್ಪತ್ರೆ, ಅಂಗಡಿ ಸಾಲು ಎಲ್ಲ ತುಂಬಿ ತುಳುಕುತ್ತಿದ್ದ ಪಟ್ಟಣ ಅದು.

ಆ ಗಣಿ ಹುಟ್ಟಿದ್ದು ಹೀಗೆ. 1975ರ ನವೆಂಬರ್‌ನಲ್ಲಿ ಇರಾನ್ ದೇಶದ ಜೊತೆ ಭಾರತ ಒಪ್ಪಂದ ಮಾಡಿಕೊಂಡಿತು. ಇರಾನಿನ ಷಾ ಸುಮಾರು 63 ಕೋಟಿ ಡಾಲರ್ ಕೊಡಬೇಕು, ನಾವು ಕಬ್ಬಿಣದ ಹುಡಿಯನ್ನು ಕಳಿಸಬೇಕು. ಮರುವರ್ಷ ಏಪ್ರಿಲ್‌ನಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಸ್ಥಾಪನೆಯಾಯಿತು. ಈ ಮಳೆಯಲ್ಲಿ, ಈ ಘಾಟಿಯಲ್ಲಿ, ಮೂರು ನಾಲ್ಕು ವರ್ಷದೊಳಗೆ ಅಷ್ಟು ದೊಡ್ಡ ಸ್ಥಾವರ ಎದ್ದು ನಿಂತಿತು. ಎಂಜಿನಿಯರುಗಳ ಆ ಸಾಮರ್ಥ್ಯಕ್ಕೆ ಇವತ್ತಿಗೂ ಕೈಮುಗಿಯಬೇಕು. ಆದರೆ 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು. ಷಾ ದೇಶ ಬಿಟ್ಟರು. ಹಣ ನಡುವೆಯೇ ನಿಂತಿತು. 1980ರಲ್ಲಿ ಸ್ಥಾವರ ಸಿದ್ಧವಾದಾಗ ಅದನ್ನು ಯಾರಿಗಾಗಿ ಕಟ್ಟಿದ್ದೋ ಆ ಗಿರಾಕಿಯೇ ಇರಲಿಲ್ಲ.

ಕೇಳುಗರೇ, ಇಲ್ಲಿ ಸ್ವಲ್ಪ ನಿಲ್ಲೋಣ. ಗುಡ್ಡ ಕಡಿದಾಗಿದೆ. ಗಿರಾಕಿ ಹೋಗಿದ್ದಾನೆ. ಕಡಿದ ಗುಡ್ಡವನ್ನು ಮತ್ತೆ ಜೋಡಿಸಲು ಬರುವುದಿಲ್ಲ. ಕಂಪನಿ ಬೇರೆ ದೇಶಗಳಲ್ಲಿ ಗಿರಾಕಿ ಹುಡುಕಿತು. ಮಂಗಳೂರಿನ ಪಣಂಬೂರಿನಲ್ಲಿ ಹುಡಿಯನ್ನು ಉಂಡೆ ಕಟ್ಟುವ ಕಾರ್ಖಾನೆ ಹಾಕಿತು. ಹೇಗೋ ಬದುಕಿತು. ಲಿಥಿಯಂ ಸ್ಥಿತಿ ಬೇರೆ ಎಂದು ತಿಳಿಯಬೇಡಿ. 2022ರ ಕೊನೆಯಲ್ಲಿ ಆಕಾಶಕ್ಕೇರಿದ್ದ ಲಿಥಿಯಂ ದರ, ಎರಡು ವರ್ಷದೊಳಗೆ ನೂರಕ್ಕೆ ಎಂಬತ್ತು ಪಾಲು ಬಿತ್ತು. ಕಾಫಿ ದರ ಕಂಡ ನಮಗೆ ಇದರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಈಗಾಗಲೇ ಕೋಬಾಲ್ಟ್ ಬೇಡದ ಬ್ಯಾಟರಿಗಳು ಓಡುತ್ತಿವೆ. ಉಪ್ಪಿನಲ್ಲಿರುವ ಸೋಡಿಯಂನಿಂದ ಬ್ಯಾಟರಿ ಮಾಡುವ ಕೆಲಸ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರದಲ್ಲೂ ನಡೆದಿದೆ. ಇವತ್ತು ನಿರ್ಣಾಯಕ ಎನಿಸಿದ ಖನಿಜ ಇಪ್ಪತ್ತು ವರ್ಷದ ಮೇಲೂ ಹಾಗೆಯೇ ಇರುತ್ತದೆ ಎಂದು ಯಾರು ಬರೆದುಕೊಡುತ್ತಾರೆ?

ಮತ್ತೆ ಕುದುರೆಮುಖಕ್ಕೆ. ಗಿರಾಕಿಯ ವಿಷಯ ಆಯಿತು. ಈಗ ಪುಡಿಯ ವಿಷಯ. ಅಲ್ಲಿನ ಅದಿರಿನಲ್ಲಿ ಕಬ್ಬಿಣ ಕಡಿಮೆ, ನೂರಕ್ಕೆ 40 ಪಾಲೂ ಇರಲಿಲ್ಲ. ಮೂರು ಟನ್ ಅದಿರು ಅಗೆದರೆ ಒಂದು ಟನ್ ಹುಡಿ. ಆ ಹುಡಿಯನ್ನು ನೀರಿನಲ್ಲಿ ಗಂಜಿಯ ಹಾಗೆ ಕಲಸಿ, ಕೊಳವೆಯಲ್ಲಿ ಸುಮಾರು 67 ಕಿಲೋಮೀಟರ್ ಘಟ್ಟದ ಕೆಳಗೆ ಮಂಗಳೂರಿಗೆ ಇಳಿಸುತ್ತಿದ್ದರು. ಉಳಿದ ಎರಡು ಟನ್? ಅದಕ್ಕಾಗಿ ಲಕ್ಯಾ ಹೊಳೆಗೆ ಅಡ್ಡಲಾಗಿ ಅಣೆಕಟ್ಟು ಕಟ್ಟಿದರು. ಅದರ ಎತ್ತರ ಸುಮಾರು ನೂರು ಮೀಟರ್. ಮೂವತ್ತು ಅಂತಸ್ತಿನ ಕಟ್ಟಡ ಎಂದುಕೊಳ್ಳಿ. ಅದರ ಹಿಂದೆ ನಿಂತಿರುವುದು ಕೋಟಿಗಟ್ಟಲೆ ಟನ್ ಹೂಳು. ಗಣಿ ನಿಂತು ಇಪ್ಪತ್ತು ವರ್ಷವಾಯಿತು. ಹೂಳು ಅಲ್ಲೇ ಇದೆ. ಪ್ರತಿ ಮಳೆಗಾಲ ಆ ಅಣೆಕಟ್ಟನ್ನು ಯಾರಾದರೂ ಕಾಯಲೇಬೇಕು.

ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಜಾಗ ಅದು. ಗುಡ್ಡದ ಮೈ ಬಿಚ್ಚಿದರೆ ಮಣ್ಣು ನಿಲ್ಲುತ್ತದೆಯೇ? ಭದ್ರೆ ಆ ಕಣಿವೆಯಲ್ಲೇ ಹರಿಯುವುದು. ಕುದುರೆಮುಖ ದಾಟಿ, ಕಳಸ ಬಳಸಿ, ಬಾಳೆಹೊನ್ನೂರಿನ ಮೇಲೆ ಲಕ್ಕವಳ್ಳಿಯ ಜಲಾಶಯಕ್ಕೆ. ಗಣಿಯ ಹೂಳು ಭದ್ರೆಗೆ ಸೇರುವ ವಿಷಯ ಸುಪ್ರೀಂ ಕೋರ್ಟಿನ ತನಕ ಹೋಯಿತು. 1987ರಲ್ಲೇ ಆ ಕಾಡನ್ನು ರಾಷ್ಟ್ರೀಯ ಉದ್ಯಾನ ಎಂದು ಘೋಷಿಸಿದ್ದರು. ಸಿಂಗಳೀಕಗಳ ಕಾಡು ಅದು. ಮೂವತ್ತು ವರ್ಷದ ಗುತ್ತಿಗೆ 1999ಕ್ಕೆ ಮುಗಿದಿತ್ತು. ಗಣಿ ಮುಂದುವರಿಯಬಾರದೆಂದು ತುಂಗೆ, ಭದ್ರೆಯ ದಡದ ರೈತರು ಬೀದಿಗಿಳಿದರು. ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ. ಎಂ. ಚಿಣ್ಣಪ್ಪನವರ ಹೆಸರಿನಲ್ಲಿ ಆ ಮೊಕದ್ದಮೆಯ ತೀರ್ಪು ಇದೆ. 2002ರ ಅಕ್ಟೋಬರ್ 30ರಂದು ಕೋರ್ಟು ಗಣಿ ನಿಲ್ಲಬೇಕು ಎಂದಿತು. 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು.

ಅದು ಸರಿಯಾದ ತೀರ್ಪು ಎಂದು ನಾನು ನಂಬಿದ್ದೇನೆ. ಹಾಗೆಂದು ಅಲ್ಲಿ ದುಡಿದವರನ್ನು ಮರೆಯಲಾರೆ. ನಮ್ಮ ಕಡೆಯವರೊಬ್ಬರು ಗಣಿಯಲ್ಲಿದ್ದರು. ಆ ಸಂಬಳದಲ್ಲೇ ಮಕ್ಕಳನ್ನು ಓದಿಸಿದರು. ನಿಲ್ಲುವ ದಿನ ಗೊತ್ತಿದ್ದೂ, ಕೊನೆಯ ಪಾಳಿ ಮುಗಿಸಿ ಮನೆಗೆ ಬಂದ ರಾತ್ರಿ ನಿದ್ದೆ ಬರಲಿಲ್ಲ ಎಂದು ಹೇಳುತ್ತಿದ್ದರು. ಯಂತ್ರಗಳ ಸದ್ದಿಗೆ ಒಗ್ಗಿದ್ದ ಕಿವಿಗೆ ಆ ಮೌನವೇ ದೊಡ್ಡದಾಗಿ ಕೇಳಿಸಿತಂತೆ. ಕಳಸದ ಪೇಟೆಯ ವ್ಯಾಪಾರ ಬಿತ್ತು. ಬಾಡಿಗೆ ಜೀಪಿನವರು, ತರಕಾರಿಯವರು, ಹೋಟೆಲಿನವರು ಯಾರ ಲೆಕ್ಕದಲ್ಲೂ ಇರಲಿಲ್ಲ. ಗಣಿ ಇರುವ ಜಿಲ್ಲೆಯ ಜನರಿಗಾಗಿಯೇ ಹಣ ತೆಗೆದಿಡುವ ಜಿಲ್ಲಾ ಖನಿಜ ಪ್ರತಿಷ್ಠಾನ ಎಂಬ ವ್ಯವಸ್ಥೆ ಬಂದದ್ದು 2015ರಲ್ಲಿ. ನಮ್ಮ ಗಣಿ ಮುಚ್ಚಿ ಹತ್ತು ವರ್ಷವಾದ ಮೇಲೆ.

ಇಲ್ಲಿಗೆ ಕುದುರೆಮುಖ ಹೇಳಿಕೊಟ್ಟದ್ದು ಮೂರು. ಗಿರಾಕಿ ಹೋಗಬಹುದು. ಹೂಳು ಹೋಗುವುದಿಲ್ಲ. ನಿಲ್ಲುವ ದಿನದ ಲೆಕ್ಕವನ್ನು ಮೊದಲೇ ಬರೆಯದಿದ್ದರೆ ಅದನ್ನು ತೀರಿಸುವವರು ಊರಿನವರು.

ಆ ಲೆಕ್ಕ ಇನ್ನೂ ತೀರಿಲ್ಲ ಎಂಬುದಕ್ಕೆ ಸಾಕ್ಷಿ ಇದೆ. 2024ರ ಜೂನ್‌ನಲ್ಲಿ ಅದೇ ಕುದುರೆಮುಖ ಕಂಪನಿಗೆ ಸಂಡೂರಿನ ದೇವದಾರಿ ಬೆಟ್ಟದಲ್ಲಿ ಗಣಿಗಾರಿಕೆಗೆ ಅನುಕೂಲವಾಗುವ ಕಡತಕ್ಕೆ ಕೇಂದ್ರ ಉಕ್ಕು ಸಚಿವ ಎಚ್. ಡಿ. ಕುಮಾರಸ್ವಾಮಿಯವರು ಸಹಿ ಹಾಕಿದರು. ಸುಮಾರು 400 ಹೆಕ್ಟೇರ್ ಕಾಡು, ಒಂದು ಲಕ್ಷದ ಹತ್ತಿರ ಮರ. ಆಗ ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆಯವರು, ಕುದುರೆಮುಖದ ಬಾಕಿ ತೀರುವ ತನಕ ಹೊಸ ಕಾಡು ಹಸ್ತಾಂತರ ಬೇಡ ಎಂದು ತಡೆದರು. ರಾಜಕೀಯ ಏನೇ ಇರಲಿ, ಹಳೆಯ ಗಣಿಯ ಲೆಕ್ಕ ಕೇಳಿ ಹೊಸ ಗಣಿಯ ಬಾಗಿಲಲ್ಲಿ ನಿಂತದ್ದು ನಮ್ಮ ರಾಜ್ಯದಲ್ಲಿ ನಡೆದಿದೆ. ಇದು ಒಳ್ಳೆಯ ಪರಿಪಾಠ. ಒಬ್ಬ ಸಚಿವರ ಟಿಪ್ಪಣಿಗೆ ಅದು ನಿಲ್ಲಬಾರದು. ನೀತಿಯಲ್ಲಿ ಬರಬೇಕು.

ನಮ್ಮ ತೋಟದಲ್ಲಿ ಮರಗಸಿ, ಅಂದರೆ ನೆರಳು ಮರದ ಕೊಂಬೆ ಸವರುವುದನ್ನು ನೋಡಿದ್ದೀರಲ್ಲ. ಮರ ಹತ್ತುವವನು ಬಂದ ಕೂಡಲೇ ಕತ್ತಿ ಬೀಸುವುದಿಲ್ಲ. ಮೊದಲು ಮರದ ಸುತ್ತ ಒಂದು ಬಾರಿ ನಡೆಯುತ್ತಾನೆ. ತಲೆ ಎತ್ತಿ ಕೊಂಬೆ ನೋಡುತ್ತಾನೆ. ತಲೆ ತಗ್ಗಿಸಿ ಕೆಳಗಿನ ಕಾಫಿ ಗಿಡ ನೋಡುತ್ತಾನೆ. ಕೊಂಬೆ ಎಲ್ಲಿ ಬೀಳಬೇಕು ಎಂದು ಗೊತ್ತು ಮಾಡಿ ಹಗ್ಗ ಬಿಗಿಯುತ್ತಾನೆ. ಆಮೇಲೆ ಏರುತ್ತಾನೆ. ಹಗ್ಗವಿಲ್ಲದೆ ಕಡಿಯುವವನನ್ನು, ಕೆಲಸ ನೋಡಿಕೊಳ್ಳುವ ಯಾವ ರೈಟರೂ ತೋಟದ ಒಳಗೆ ಬಿಡುವುದಿಲ್ಲ. ನಾನು ಸರ್ಕಾರಗಳಿಂದ ಕೇಳುವುದು ಆ ಹಗ್ಗವನ್ನು.

ಗಣಿ ತೆರೆಯುವ ಅರ್ಜಿಯ ಜೊತೆಯಲ್ಲೇ ಗಣಿ ಮುಚ್ಚುವ ಯೋಜನೆಯನ್ನೂ ಕೊಡಬೇಕು ಎಂದು ನಿಯಮದಲ್ಲಿ ಈಗಲೂ ಇದೆ. ಆದರೆ ಅಂಥ ಕಾಗದವನ್ನು ಕಣ್ಣಾರೆ ಕಂಡ ಹಳ್ಳಿಗರು ನನಗೆ ಇದುವರೆಗೆ ಸಿಕ್ಕಿಲ್ಲ. ಅದು ಕನ್ನಡದಲ್ಲಿ ಗ್ರಾಮ ಪಂಚಾಯಿತಿಯ ಗೋಡೆಗೆ ಬರಬೇಕು. ಪುಡಿ ಎಲ್ಲಿ ನಿಲ್ಲುತ್ತದೆ, ಎಷ್ಟು ವರ್ಷ ಅದನ್ನು ಯಾರು ಕಾಯುತ್ತಾರೆ, ಅದಕ್ಕೆ ಹಣ ಯಾವ ಬ್ಯಾಂಕಿನಲ್ಲಿದೆ, ಕೆಲಸ ಹೋದವರಿಗೆ ಮುಂದೇನು, ಇಷ್ಟೂ ಅದರಲ್ಲಿರಬೇಕು.

ಆದರೆ ಗಾಳಿ ಬೇರೆ ಕಡೆ ಬೀಸುತ್ತಿದೆ. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಒಂದು ಆದೇಶ ಹೊರಡಿಸಿತು. ಪರಮಾಣು ಖನಿಜ, ನಿರ್ಣಾಯಕ ಖನಿಜಗಳ ಗಣಿಗೆ ಅನುಮತಿ ಕೊಡುವಾಗ ಸಾರ್ವಜನಿಕ ಅಹವಾಲು ಸಭೆ ಬೇಕಿಲ್ಲ ಎಂದು. ಜಿಲ್ಲಾಧಿಕಾರಿಗಳ ಮುಂದೆ ಶಾಮಿಯಾನದ ಕೆಳಗೆ ಕೂತು, ಮೈಕು ಹಿಡಿದು, ನಮ್ಮ ಬಾವಿ ಏನಾಗುತ್ತದೆ ಸ್ವಾಮಿ ಎಂದು ರೈತ ಕೇಳುವ ಸಭೆ ಇದೆಯಲ್ಲ, ಅದು. ದೇಶದ ರಕ್ಷಣೆಗೆ ಖನಿಜ ಬೇಕು, ತಡವಾಗಬಾರದು ಎಂಬುದು ಕಾರಣ. ನನಗೆ ಇದು ಒಪ್ಪಿಗೆಯಿಲ್ಲ. ಕುದುರೆಮುಖದಲ್ಲಿ ಮೊದಲೇ ಕೇಳದ ಪ್ರಶ್ನೆಗಳನ್ನು ಕಾಲು ಶತಮಾನದ ಮೇಲೆ ಸುಪ್ರೀಂ ಕೋರ್ಟಿನಲ್ಲಿ ಕೇಳಬೇಕಾಯಿತು. ಒಂದು ದಿನದ ಸಭೆ ತಪ್ಪಿಸಲು ಹೋಗಿ ಇಪ್ಪತ್ತೈದು ವರ್ಷದ ಮೇಲೆ ವ್ಯಾಜ್ಯ ಕಟ್ಟಿಕೊಂಡಂತೆ ಅದು. ಊರಿನವರನ್ನು ಕೇಳಲು ಇನ್ನೊಂದು ಕಾರಣವೂ ಇದೆ. 2019ರ ಆಗಸ್ಟ್‌ನಲ್ಲಿ ನಮ್ಮ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಜರುಗಿ ಮನೆ ತೋಟ ಹೋಯಿತು. ಯಾವ ಗುಡ್ಡ ಒಳಗೆ ನೀರು ಹಿಡಿದಿದೆ, ಯಾವುದು ಸಡಿಲವಾಗಿದೆ ಎಂದು ದೆಹಲಿಯ ನಕ್ಷೆಗಿಂತ ಚೆನ್ನಾಗಿ ಗೊತ್ತಿರುವುದು ಅದರ ಬುಡದಲ್ಲಿ ಇರುವವರಿಗೆ.

ಹಾಗಾದರೆ ಲೋಹ ಎಲ್ಲಿಂದ ತರೋಣ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಈಗಾಗಲೇ ಅಗೆದು ಹಾಕಿರುವುದರಿಂದ ಶುರು ಮಾಡೋಣ. ಕೆಜಿಎಫ್‌ನಲ್ಲಿ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅಲ್ಲಿನ ಸಯನೈಡ್ ಗುಡ್ಡಗಳು ಹಾಗೇ ನಿಂತಿವೆ, ಹದಿಮೂರು ದಿಬ್ಬ, ಮೂರು ಕೋಟಿ ಟನ್ನಿಗೂ ಹೆಚ್ಚು ಪುಡಿ. ಬಿರುಗಾಳಿ ಎದ್ದರೆ ಆ ಧೂಳು ಮನೆಮನೆಗೆ. ಅದನ್ನು ಮತ್ತೆ ಸೋಸಿ ಉಳಿದ ಚಿನ್ನ ತೆಗೆಯುವ ಯೋಜನೆಗೆ 2024ರಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿದೆ. ಹೊಸ ಗುಡ್ಡ ಮುಟ್ಟದೆ ಹಳೆಯ ಗಾಯ ತೊಳೆಯುವ ಕೆಲಸ ಅದು. ಅಲ್ಲಿನ ಜನರನ್ನು ಕೇಳಿಯೇ ಆಗಬೇಕು, ಅದರ ಮುಚ್ಚುವ ಲೆಕ್ಕವೂ ಮೊದಲೇ ಬರಬೇಕು.

ಇನ್ನೊಂದು ಗಣಿ ನಮ್ಮ ಮನೆಯಲ್ಲೇ ಇದೆ. ಹೋದ ವರ್ಷ ನಮ್ಮ ತೋಟದ ರೈಟರ ಮಗ ವಿದ್ಯುತ್ ಸ್ಕೂಟರು ತಂದ. ಕಾಫಿ ಕಣದ ಮೂಲೆಯಲ್ಲಿ, ಪಲ್ಪರ್ ಮನೆಯ ಸೂರಿನ ಕೆಳಗೆ ಅದಕ್ಕೆ ಜಾಗ. ಆಷಾಢದ ಮಳೆಯಲ್ಲಿ ಮರ ಬಿದ್ದು ಕಂಬ ಉರುಳಿ ನಾಲ್ಕು ದಿನ ಕರೆಂಟಿಲ್ಲದಾಗ ಸ್ಕೂಟರು ಗೋಣಿ ಹೊದ್ದು ನಿಂತಿತ್ತು. ಬಿಸಿಲು ಬಂದ ಮೇಲೆ ಮತ್ತೆ ಓಡಿತು. ಮೊನ್ನೆ ಅವನು ನನ್ನನ್ನು ಕೇಳಿದ. "ಅಣ್ಣಾ, ಈ ಬ್ಯಾಟರಿ ಏಳೆಂಟು ವರ್ಷಕ್ಕೆ ಮುಗಿಯುತ್ತಂತೆ. ಆಮೇಲೆ ಯಾರಿಗೆ ಕೊಡೋದು? ಗುಜರಿಯವನಿಗಾ?"

ಆ ಹುಡುಗ ಕೇಳಿದ ಪ್ರಶ್ನೆಯೇ ನನ್ನ ಇವತ್ತಿನ ವಿಷಯ. ಬ್ಯಾಟರಿ ಹೊಸದಿರುವಾಗಲೇ ಅವನು ಅದು ಮುಗಿಯುವ ದಿನದ ಯೋಚನೆ ಮಾಡಿದ್ದಾನೆ. ಆ ಬ್ಯಾಟರಿಯಲ್ಲಿರುವ ಲಿಥಿಯಂ ಎಲ್ಲಿಗೂ ಹೋಗಿರುವುದಿಲ್ಲ. ಸೋಸಿ ತೆಗೆದರೆ ಮತ್ತೆ ಹೊಸ ಬ್ಯಾಟರಿ. ಬ್ಯಾಟರಿ ಮಾರಿದವರೇ ಹಳೆಯದನ್ನು ವಾಪಸು ಪಡೆದು ಲೋಹ ತೆಗೆಸಬೇಕು ಎಂಬ ನಿಯಮ 2022ರಲ್ಲೇ ಬಂದಿದೆ. ಹಳೆಯ ಬ್ಯಾಟರಿಯಿಂದ ಖನಿಜ ತೆಗೆಯುವವರಿಗೆ ಕೇಂದ್ರ ಸರ್ಕಾರ 2025ರಲ್ಲಿ 1,500 ಕೋಟಿ ರೂಪಾಯಿ ಪ್ರೋತ್ಸಾಹಧನ ಇಟ್ಟಿದೆ. ಮಂಡ್ಯದ ಕಲ್ಲು ಒಡೆದು ಹುಡುಕುವ ಬದಲು, ಮೂಡಿಗೆರೆ, ಕಳಸ, ಚಿಕ್ಕಮಗಳೂರಿನಲ್ಲಿ ಹಳೆಯ ಬ್ಯಾಟರಿ ಕೊಳ್ಳುವ ಒಂದೊಂದು ಕೇಂದ್ರ ತೆರೆಯುವುದು ಕಷ್ಟವೇ? ಕಾಫಿ ಕೊಳ್ಳುವವರು ಪ್ರತಿ ಪೇಟೆಯಲ್ಲೂ ತಕ್ಕಡಿ ಇಟ್ಟು ಕೂತಿದ್ದಾರೆ. ಬ್ಯಾಟರಿಗೂ ಹಾಗೆ ಒಂದು ತಕ್ಕಡಿ ಇರಲಿ. ರಾಜ್ಯದ ಹೊಸ ನೀತಿಯ 50 ಸಾವಿರ ಕೋಟಿಯಲ್ಲಿ ಈ ಕೆಲಸಕ್ಕೆ ಮೊದಲ ಪಾಲು ಸಿಗಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಇಷ್ಟಾದ ಮೇಲೂ ಗಣಿ ಬೇಕಾಗಬಹುದು. ಮಂಡ್ಯದಲ್ಲೋ, ರಾಯಚೂರು ಯಾದಗಿರಿ ಕಡೆಯಲ್ಲೋ ಅಗೆಯುವ ದಿನ ಬರಬಹುದು. ಆ ಊರಿನವರಿಗೆ ಹೇಮಾವತಿಯ ಈ ತುದಿಯಿಂದ ನನ್ನದೊಂದು ಕೋರಿಕೆ. ಸಾರ್ವಜನಿಕ ಅಹವಾಲು ಸಭೆ ಇರಲಿ, ಇಲ್ಲದಿರಲಿ, ನಿಮ್ಮ ಗ್ರಾಮಸಭೆ ಇದೆ. ಅಲ್ಲಿಗೆ ಹೋಗಿ. ಗಣಿ ಮುಚ್ಚುವ ಯೋಜನೆ ಎಲ್ಲಿದೆ ಎಂದು ಕೇಳಿ. ಕೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಬರೆದದ್ದನ್ನು ಓದಿಸಿ ಕೇಳಿ, ಆಮೇಲೆ ರುಜು ಹಾಕಿ. ಅದರ ನಕಲು ಒಂದನ್ನು ಮನೆಯಲ್ಲಿಟ್ಟುಕೊಳ್ಳಿ.